ಹಳೆ ಫೋನ್ ಕೈಬಿಡುವ ಮುಂಚೆ: ರೀಸೆಟ್ ಕೊನೆಗೆ ಇರಲಿ

ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೂ ಫೋಟೊ ವಾಪಸ್ ತೆಗೀತಾರಂತೆ, ನಿಜವಾ? ಹಳೆ ಫೋನ್ ಮಾರಲು ಹೊರಟವರು ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರ ಫೋನ್ ಎಷ್ಟು ಹಳೆಯದು ಅನ್ನುವುದರ ಮೇಲಿದೆ.

ಈ ಭಯಕ್ಕೆ ಕಾರಣ ಇತ್ತು. 2015ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಆಂಡ್ರಾಯ್ಡ್ 2.3ರಿಂದ 4.3ರವರೆಗಿನ 21 ಸೆಕೆಂಡ್ ಹ್ಯಾಂಡ್ ಫೋನ್‌ಗಳನ್ನು ಪರೀಕ್ಷಿಸಿದ್ದರು. ರೀಸೆಟ್ ಆದ ಮೇಲೂ ಮೆಸೇಜು, ಫೋಟೊ, ಕೊನೆಗೆ ಪಾಸ್‌ವರ್ಡ್ ಇಲ್ಲದೆಯೇ ಗೂಗಲ್ ಖಾತೆಯೊಳಗೆ ಬಿಡುವ ಲಾಗಿನ್ ಟೋಕನ್ ಕೂಡ ಸಿಕ್ಕವು. ಎಷ್ಟೋ ಫೋನ್‌ಗಳಲ್ಲಿ ರೀಸೆಟ್ ಅಂದರೆ ಫೈಲುಗಳ ಪಟ್ಟಿಯನ್ನು ಅಳಿಸುವುದು ಅಷ್ಟೇ ಆಗಿತ್ತು. ಫೈಲುಗಳು ಮೆಮೊರಿ ಚಿಪ್‌ನಲ್ಲಿ ಹಾಗೇ ಕೂತಿರುತ್ತಿದ್ದವು.

ಈಗಿನ ಲೆಕ್ಕ ಬೇರೆ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಆವೃತ್ತಿಯ ಜೊತೆಗೇ ಮಾರುಕಟ್ಟೆಗೆ ಬಂದ ಫೋನ್‌ಗಳಲ್ಲಿ ಎನ್‌ಕ್ರಿಪ್ಶನ್, ಅಂದರೆ ಕೀ ಇಲ್ಲದೆ ಓದಲಾಗದ ಗೂಢ ರೂಪದಲ್ಲಿ ಡೇಟಾ ಇಡುವುದು, ಕಡ್ಡಾಯ. 6ರಿಂದ 9ರವರೆಗಿನವುಗಳಲ್ಲಿ ಅಗ್ಗದ ಕೆಲವು ಮಾಡೆಲ್ ಬಿಟ್ಟರೆ ಉಳಿದವುಗಳಲ್ಲಿ ಇರುತ್ತದೆ. ಈಗ ಬಳಕೆಯಲ್ಲಿರುವ ಐಫೋನ್‌ಗಳಲ್ಲೆಲ್ಲ ಇದೆ. ಇಂಥ ಫೋನ್ ರೀಸೆಟ್ ಮಾಡಿದಾಗ ಎನ್‌ಕ್ರಿಪ್ಶನ್ನಿನ ಕೀ ನಾಶವಾಗುತ್ತದೆ. ಚಿಪ್‌ನಲ್ಲಿ ಉಳಿದದ್ದನ್ನು ಯಾರು ಹೊರತೆಗೆದರೂ ಅದು ಓದಲಾಗದ ಕಲಸುಮೇಲೋಗರ. ಹಾಗಾಗಿ ‘ಏಳು ಸಲ ಅಳಿಸುವ’ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ.

ಆಂಡ್ರಾಯ್ಡ್ 5, 6ರ ಫೋನ್ ಇನ್ನೂ ಇದ್ದರೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ‘ಎನ್‌ಕ್ರಿಪ್ಟ್ ಫೋನ್’ ಹುಡುಕಿ. ಬ್ಯಾಟರಿ ಶೇ. 80ರ ಮೇಲಿರಬೇಕು, ಚಾರ್ಜರ್ ಸಿಕ್ಕಿಸಿಯೇ ಇರಬೇಕು, ಒಂದು ಗಂಟೆಗಿಂತ ಹೆಚ್ಚು ಹಿಡಿಯಬಹುದು. ಮಧ್ಯದಲ್ಲಿ ಆಫ್ ಆದರೆ ಡೇಟಾ ಹೋಗಬಹುದು, ಅದಕ್ಕೇ ಬ್ಯಾಕಪ್ ಮೊದಲು. ಎನ್‌ಕ್ರಿಪ್ಟ್ ಆದ ಮೇಲೆ ರೀಸೆಟ್. ಆ ಆಯ್ಕೆಯೇ ಇಲ್ಲದ ಫೋನಾದರೆ ರೀಸೆಟ್ ಮಾಡಿ, ಯಾವ ಖಾತೆಯನ್ನೂ ಹಾಕದೆ ಕ್ಯಾಮೆರಾ ತೆರೆದು, ಫೋನನ್ನು ಮೇಜಿನ ಮೇಲೆ ಇಟ್ಟು, ಮೆಮೊರಿ ಫುಲ್ ಅನ್ನುವವರೆಗೆ ವಿಡಿಯೊ ಓಡಲು ಬಿಡಿ. ಮತ್ತೆ ರೀಸೆಟ್ ಮಾಡಿ. ಹಳೆಯದರ ಮೇಲೆ ಹೊಸದು ಬರೆದುಕೊಂಡಿರುತ್ತದೆ. ಚೂರುಪಾರು ಉಳಿಯಬಹುದು, ಆದರೆ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡುವವನಿಗೆ ಸಿಗುವಂಥದ್ದಲ್ಲ.

ಅಂದರೆ ಅಳಿಸುವುದು ಸುಲಭ. ಈಗ ಜನ ಕೈಸುಟ್ಟುಕೊಳ್ಳುವುದು ಅಳಿಸುವುದಕ್ಕಿಂತ ಮುಂಚೆ ಮಾಡಬೇಕಾದ್ದನ್ನು ಬಿಟ್ಟು. ಎಕ್ಸ್‌ಚೇಂಜ್‌ಗೆ ಡೆಲಿವರಿಯವನು ಬಾಗಿಲಲ್ಲಿ ನಿಂತಾಗ, ಬ್ಯಾಟರಿ ಶೇ. 6 ಇರುವ ಫೋನ್ ಹಿಡಿದು ಪಾಸ್‌ವರ್ಡ್ ನೆನಪಿಸಿಕೊಳ್ಳುವ ಸ್ಥಿತಿ ಬರಬಾರದು. ‘ಕೊಡಿ ಸಾರ್, ನಾವೇ ಫಾರ್ಮ್ಯಾಟ್ ಮಾಡ್ಕೋತೀವಿ’ ಅಂದರೂ ಕೊಡಬೇಡಿ. ಆಗುವುದಾದರೆ ಹೊಸ ಫೋನ್ ಬಂದ ಮೇಲೆ ಒಂದು ವಾರ ಹಳೆಯದು ಕೈಯಲ್ಲೇ ಇರಲಿ. ಬಾಗಿಲಲ್ಲೇ ಅದಲುಬದಲು ಮಾಡುವ ಎಕ್ಸ್‌ಚೇಂಜ್‌ನಲ್ಲಿ ಆ ವಾರ ಸಿಗುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಕೂತು ಮುಗಿಸಿ.

ಮೊದಲು ಹೊಸ ಫೋನಿನಲ್ಲಿ ಎಲ್ಲ ಬಂದಿದೆಯಾ ನೋಡಿ. ‘ಬ್ಯಾಕಪ್ ಕಂಪ್ಲೀಟ್’ ಅಂತ ತೋರಿಸಿದರೆ ಸಾಲದು, ಎರಡು ವರ್ಷ ಹಿಂದಿನ ಒಂದು ಫೋಟೊ, ಹಳೆಯ ಒಂದು ಚಾಟ್ ತೆರೆದು ನೋಡಿ. ಎರಡೂ ಆಂಡ್ರಾಯ್ಡ್ ಆಗಿದ್ದರೆ ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಒಳಗೆ ‘ಟ್ರಾನ್ಸ್‌ಫರ್ ಚಾಟ್ಸ್’ ಇದೆ. ಕ್ಯೂಆರ್ ಕೋಡ್ ತೋರಿಸಿದರೆ ಗೂಗಲ್ ಡ್ರೈವ್ ಮುಟ್ಟದೆಯೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ಯಾಮ್‌ಸಂಗ್‌ನ ಸೆಕ್ಯೂರ್ ಫೋಲ್ಡರ್ ಬಳಸುವವರು ಎಚ್ಚರ: ಅದರೊಳಗಿನ ಫೈಲು ಮಾಮೂಲಿ ಬ್ಯಾಕಪ್‌ನಲ್ಲಿ ಬರುವುದಿಲ್ಲ, ಕೈಯಾರೆ ಹೊರಗೆ ತೆಗೆದಿಡಬೇಕು.

ಆಮೇಲೆ ಅಥೆಂಟಿಕೇಟರ್ ಆ್ಯಪ್. ಖಾತೆಗಳಿಗೆ ಲಾಗಿನ್ ಆಗುವಾಗ ಬೇಕಾದ ಆರಂಕಿಯ ಕೋಡ್ ಕೊಡುವ ಇದನ್ನು ಮರೆತು ರೀಸೆಟ್ ಮಾಡಿದರೆ ಡೇಟಾ ಪರರ ಪಾಲಾಗುವುದಿಲ್ಲ, ನಿಮ್ಮ ಕೈಗೂ ಸಿಗುವುದಿಲ್ಲ. ಗೂಗಲ್ ಅಥೆಂಟಿಕೇಟರ್‌ನ ‘ಟ್ರಾನ್ಸ್‌ಫರ್ ಅಕೌಂಟ್ಸ್’ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಫೋನಿನ ಕೋಡ್ ಹಾಕಿ ಒಂದು ಸಲ ಲಾಗಿನ್ ಆಗಿ ನೋಡಿ.

ಹಣದ ಆ್ಯಪ್‌ಗಳಲ್ಲಿ ಎಲ್ಲರೂ ಮರೆಯುವುದು ಪಿನ್ ಇಲ್ಲದೆ ಸಣ್ಣ ಮೊತ್ತ ಪಾವತಿಸುವ ಯುಪಿಐ ಲೈಟ್. ಮಾಮೂಲಿ ಯುಪಿಐಯಲ್ಲಿ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಸಿಮ್ ಹೊಸ ಫೋನಿಗೆ ಹಾಕಿ ನೋಂದಾಯಿಸಿಕೊಂಡರೆ ಆಯಿತು. ಲೈಟ್‌ನ ಬ್ಯಾಲೆನ್ಸ್ ಮಾತ್ರ ಆ ಫೋನಿನ ಆ ಆ್ಯಪ್‌ಗೆ ಅಂಟಿಕೊಂಡಿರುತ್ತದೆ. ಲೈಟ್ ಕ್ಲೋಸ್ ಮಾಡಿದರೆ ಬಾಕಿ ಹಣ ಖಾತೆಗೆ ವಾಪಸ್ ಬರುತ್ತದೆ. ಮಾಡದೆ ರೀಸೆಟ್ ಮಾಡಿದರೆ ನೂರಿನ್ನೂರು ರೂಪಾಯಿಗೆ ಬ್ಯಾಂಕಿಗೆ ದೂರು ಬರೆಯುತ್ತ ಕೂರಬೇಕಾದೀತು. ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ‘ಡಿರಿಜಿಸ್ಟರ್’ ಇದ್ದರೆ ಅದನ್ನೂ ಒತ್ತಿ.

ಈಗ ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರಗೆ. ಕಾರ್ಡನ್ನು ಫೋನಿನ ಜೊತೆ ಕೊಡಲೇಬೇಡಿ. ಕ್ಯಾಮೆರಾದ ಫೋಟೊ ತುಂಬಿದ ಕಾರ್ಡ್ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಫೋನಿನ ರೀಸೆಟ್ ಅದನ್ನು ಮುಟ್ಟದೇ ಇರಬಹುದು, ಮುಟ್ಟಿದರೂ ಅದು ಕ್ವಿಕ್ ಫಾರ್ಮ್ಯಾಟ್. ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಅಂಥ ಕಾರ್ಡಿನಿಂದ ಫೋಟೊಗಳನ್ನು ಸಲೀಸಾಗಿ ಎತ್ತುತ್ತದೆ. ಕಾರ್ಡ್ ಮಾರಲೇಬೇಕು ಅಂದರೆ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಎದುರಿನ ಟಿಕ್ ತೆಗೆಯಿರಿ, ಆಗ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತದೆ.

ಮುಂದಿನದು ಖಾತೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆ ತೆಗೆಯಿರಿ. ಸ್ಯಾಮ್‌ಸಂಗ್, ಶವೋಮಿ ಫೋನಾದರೆ ಆ ಕಂಪನಿಯ ಖಾತೆಯನ್ನೂ ತೆಗೆಯಿರಿ. ಬಿಟ್ಟರೆ ಏನಾಗುತ್ತದೆ? ಆಂಡ್ರಾಯ್ಡ್ 5.1ರಿಂದ ಈಚೆಗೆ ಕಳವು ತಡೆಯಲು ಒಂದು ಬೀಗ ಇದೆ. ವಾಲ್ಯೂಮ್, ಪವರ್ ಬಟನ್ ಒತ್ತಿ ಬರುವ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದ ಫೋನ್, ಆನ್ ಆದಾಗ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೊಂಡವನು ನಿಮಗೆ ಫೋನ್ ಮಾಡುತ್ತಾನೆ, ನೀವು ಪಾಸ್‌ವರ್ಡ್ ಹೇಳುತ್ತೀರಿ. ಇಷ್ಟು ಹೊತ್ತು ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಆದ್ದರಿಂದ ರೀಸೆಟ್ ಯಾವತ್ತೂ ಸೆಟ್ಟಿಂಗ್ಸ್ ಒಳಗಿನಿಂದಲೇ ಆಗಲಿ. ಮುಗಿದ ಮೇಲೆ ವೈಫೈ ಕೊಟ್ಟು ಎರಡು ಹೆಜ್ಜೆ ಮುಂದೆ ಹೋಗಿ. ಹಳೆ ಖಾತೆ ಕೇಳದಿದ್ದರೆ ಸರಿ, ಅಲ್ಲೇ ಆಫ್ ಮಾಡಿ.

ಐಫೋನ್‌ನಲ್ಲಿ ಜನರಲ್ ಒಳಗಿನ ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’, ಅದರಲ್ಲಿ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’. ಅದೇ ಆ್ಯಪಲ್ ಪಾಸ್‌ವರ್ಡ್ ಕೇಳಿ, ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಸೌಲಭ್ಯದ ಬೀಗ ಬಿಡಿಸುತ್ತದೆ. ಇ-ಸಿಮ್ ಇದ್ದರೆ ಉಳಿಸಬೇಕಾ ಅಳಿಸಬೇಕಾ ಅಂತ ಕೇಳುತ್ತದೆ. ನಂಬರ್ ಹೊಸ ಫೋನಿಗೆ ಬಂದಿದೆ ಅಂತ ಖಾತ್ರಿ ಮಾಡಿಕೊಂಡು ಅಳಿಸಿ. ಐಕ್ಲೌಡ್ ಲಾಗಿನ್ ಇರುವಾಗಲೇ ಫೋಟೊ, ಕಾಂಟ್ಯಾಕ್ಟ್‌ಗಳನ್ನು ಒಂದೊಂದಾಗಿ ಕೈಯಾರೆ ಡಿಲೀಟ್ ಮಾಡಲು ಹೋಗಬೇಡಿ, ಅವು ಹೊಸ ಫೋನಿನಿಂದಲೂ ಮಾಯವಾಗುತ್ತವೆ. ಅಳಿಸದೆ ಕೊಟ್ಟುಬಿಟ್ಟಿದ್ದರೆ ಐಕ್ಲೌಡ್ ವೆಬ್‌ಸೈಟಿನ ಫೈಂಡ್ ಡಿವೈಸಸ್‌ನಲ್ಲಿ ಮೊದಲು ಇರೇಸ್ ಮಾಡಿ, ಆಮೇಲಷ್ಟೇ ಖಾತೆಯಿಂದ ತೆಗೆಯಿರಿ.

ನಿಜಕ್ಕೂ ಯೋಚನೆ ಮಾಡಬೇಕಾದ್ದು ಕೆಟ್ಟು ಬಿದ್ದಿರುವ ಫೋನ್‌ಗಳ ಬಗ್ಗೆ. ಪ್ಲಾಸ್ಟಿಕ್ ಬುಟ್ಟಿಗೋ ಪಾತ್ರೆಗೋ ಹಳೆ ಮೊಬೈಲ್ ಕೊಡಿ ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಮನೆಮಂದಿ ಕೊಡುವುದು ಇವನ್ನೇ. ‘ಆನ್ ಆಗಲ್ಲ, ಏನ್ ಮಾಡ್ಕೋತಾರೆ’ ಅನ್ನುವ ಧೈರ್ಯ. ಆದರೆ ಆನ್ ಆಗದಿರಲು ಎಷ್ಟೋ ಸಲ ಕಾರಣ ಬ್ಯಾಟರಿ ಅಥವಾ ಚಾರ್ಜಿಂಗ್ ಪಿನ್. ಅದನ್ನು ಬದಲಿಸಿದವನ ಕೈಗೆ ಲಾಕ್ ಹಾಕದ ಫೋನ್ ಸಿಕ್ಕರೆ ನಿಮ್ಮ ಮೆಸೇಜುಗಳಿಂದ ಹಿಡಿದು ಎಲ್ಲವೂ ಅವನದು. 2024ರಲ್ಲಿ ತೆಲಂಗಾಣದ ಗೋದಾವರಿಖನಿಯಲ್ಲಿ ಪೊಲೀಸರು ಸುಮಾರು 4,000 ಹಳೆ ಫೋನ್‌ಗಳನ್ನು ವಶಪಡಿಸಿಕೊಂಡಿದ್ದರು. ಸೈಬರ್ ವಂಚಕರಿಗೆ ಹೋಗಲಿದ್ದ ಮಾಲು ಅದು ಅನ್ನುವುದು ಪೊಲೀಸರ ಮಾತು.

ಟಚ್ ಮಾತ್ರ ಹೋಗಿದ್ದು ಡಿಸ್‌ಪ್ಲೇ ಕಾಣುತ್ತಿದ್ದರೆ ಫೋನಿಗೆ ಮೌಸ್ ಜೋಡಿಸುವ ಒಂದು ಒಟಿಜಿ ಕನೆಕ್ಟರ್, ಒಂದು ಯುಎಸ್‌ಬಿ ಮೌಸ್ ಸಾಕು: ತೆರೆಯ ಮೇಲೆ ಬಾಣದ ಗುರುತು ಬರುತ್ತದೆ, ಅದರಲ್ಲೇ ರೀಸೆಟ್ ಮಾಡಿ. ಡಿಸ್‌ಪ್ಲೇಯೇ ಹೋಗಿ ಫೋನ್ ಜೀವಂತ ಇದ್ದರೆ, ನೆಟ್ ಇರುವ ತನಕ ಕಳೆದ ಫೋನ್ ಹುಡುಕುವ ಗೂಗಲ್ ಫೈಂಡ್ ಹಬ್‌ನಿಂದ ದೂರದಲ್ಲೇ ಇರೇಸ್ ಮಾಡಬಹುದು. ಪೂರ್ತಿ ಸತ್ತದ್ದಾದರೆ ಮೊದಲು ಬ್ಯಾಟರಿ ಹೊರಗೆ ಬರಬೇಕು. ಅಂಟು ಬಿಡಿಸಲು ಚೂಪಾದ್ದು ಹಾಕಿ ಮೀಟಬೇಡಿ. ಲೀಥಿಯಂ ಬ್ಯಾಟರಿ ಚುಚ್ಚಿದರೆ ಹೊತ್ತಿಕೊಳ್ಳಬಹುದು. ರಿಪೇರಿ ಅಂಗಡಿಯಲ್ಲಿ ನಿಮ್ಮೆದುರೇ ತೆಗೆಸಿ. ಬೋರ್ಡಿನ ಮೇಲಿನ ತಗಡಿನ ಮುಚ್ಚಳ ಎಬ್ಬಿಸಿದರೆ ಹೆಚ್ಚುಕಡಿಮೆ 11.5 ಮಿ.ಮೀ.ಗೆ 13 ಮಿ.ಮೀ. ಅಳತೆಯ ಕಪ್ಪು ಚಿಪ್ ಕಾಣುತ್ತದೆ, ಸ್ಯಾಮ್‌ಸಂಗ್, ಮೈಕ್ರಾನ್ ಅಥವಾ ಹೈನಿಕ್ಸ್ ಅಂತ ಬರೆದಿರಬಹುದು. ಡೇಟಾ ಇರುವುದು ಅದರಲ್ಲಿ. ಯಾವುದೆಂದು ಗೊತ್ತಾಗದಿದ್ದರೆ ದೊಡ್ಡ ಚಿಪ್‌ಗಳೆಲ್ಲವನ್ನೂ ಸುತ್ತಿಗೆಯಿಂದ ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ತೆರೆಯನ್ನಷ್ಟೇ ಒಡೆದರೆ ಡೇಟಾಕ್ಕೆ ಕೂದಲೂ ಕೊಂಕುವುದಿಲ್ಲ. ಉಳಿದ ಭಾಗ, ಬ್ಯಾಟರಿ ಎರಡನ್ನೂ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ಕಸದ ಗಾಡಿಗಲ್ಲ.

ಇನ್ನು ಮಾರುವಾಗ. ಅಂಗಡಿಯವರು ಕದ್ದ ಮಾಲಲ್ಲ ಅನ್ನುವುದಕ್ಕೆ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಫೋನಿನೊಳಗಿನದನ್ನೆಲ್ಲ ಅಳಿಸಿ, ಪೂರ್ತಿ ಆಧಾರ್ ನಂಬರ್ ಇರುವ ಹಾಳೆ ಕೊಟ್ಟು ಬರುವವರೇ ಹೆಚ್ಚು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ತಾಣದಿಂದ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರ ಮೇಲೆ ಅಡ್ಡಲಾಗಿ ಅಕ್ಷರಗಳ ಮೇಲೇ ಹಾಯುವಂತೆ ‘ಮೊಬೈಲ್ ಮಾರಾಟಕ್ಕೆ ಮಾತ್ರ’, ತಾರೀಖು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದು ಸಹಿ ಹಾಕಿ. ಐಎಂಇಐ ನೋಡಲು *#06# ಒತ್ತಬೇಕು. ಎರಡು ಸಿಮ್‌ನ ಫೋನಿಗೆ ಎರಡು ನಂಬರ್, ಎರಡನ್ನೂ ಬರೆಯಿರಿ. ಕೊಂಡವರ ಹೆಸರು, ಸಹಿ ಇರುವ ರಸೀದಿ ಕೇಳಿ ಪಡೆಯಿರಿ. ಮುಂದೆ ಆ ಫೋನ್ ಯಾವುದಾದರೂ ಕೇಸಿನಲ್ಲಿ ಸಿಕ್ಕರೆ, ಮೊಬೈಲ್ ಕಂಪನಿಯ ಹಳೆಯ ದಾಖಲೆಯಲ್ಲಿ ಆ ಐಎಂಇಐ ಜೊತೆ ಇರುವುದು ನಿಮ್ಮ ನಂಬರ್.