ಮೊತ್ತ 179 ಬಂದ ದಿನ

ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಶಿಕ್ಷಕರು ಕಂಪ್ಯೂಟರ್ ಬಳಸಿ ಪಾಠ ಮಾಡಲು ನೆರವಾಗುವುದು ನನ್ನ ಕೆಲಸ. ಮೊದಲ ಎರಡು ವರ್ಷ ಅದನ್ನು ತಪ್ಪಾಗಿ ಮಾಡಿದೆ. ತಾಲ್ಲೂಕು ಕೇಂದ್ರದಲ್ಲಿ ತರಬೇತಿ, ನಲವತ್ತು ಜನ, ಒಂದು ಪ್ರೊಜೆಕ್ಟರ್. ನಾನು ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು ವೃತ್ತ ಎಳೆಯುತ್ತಿದ್ದೆ, ಬಿಂದುಗಳನ್ನು ಜರುಗಿಸುತ್ತಿದ್ದೆ. ಎಲ್ಲರೂ ಮೆಚ್ಚಿ, ಸಂಜೆ ಪೆನ್‌ಡ್ರೈವ್‌ಗೆ ಎಲ್ಲವನ್ನೂ ತುಂಬಿಕೊಂಡು ಹೋಗುತ್ತಿದ್ದರು. ಮೂರು ತಿಂಗಳು ಬಿಟ್ಟು ಶಾಲೆಗೆ ಹೋದರೆ ಕಂಪ್ಯೂಟರ್ ಕೋಣೆಗೆ ಬೀಗ.

ಶಿಕ್ಷಕರಿಗೆ ಆಸಕ್ತಿಯಿಲ್ಲ ಎಂದು ವರದಿಯಲ್ಲಿ ಬರೆದೆ. ಅದು ಅನ್ಯಾಯದ ಮಾತಾಗಿತ್ತು. ಒಂಬತ್ತನೇ ತರಗತಿಗೆ ಗಣಿತ ಹೇಳುವ ಮೇಡಂ ಒಬ್ಬರು ನೇರವಾಗಿಯೇ ಹೇಳಿದರು: "ಸರ್, ನೀವು ಮಾಡುವಾಗ ಎಲ್ಲ ಸುಲಭ ಅನ್ಸುತ್ತೆ. ಮಕ್ಕಳ ಮುಂದೆ ಅದು ಕೈಕೊಟ್ರೆ ನಾನೇನು ಮಾಡ್ಲಿ?" ನಲವತ್ತು ಜನರಲ್ಲಿ ಒಬ್ಬರ ಕೈಗೂ ನಾನು ಮೌಸ್ ಕೊಟ್ಟಿರಲಿಲ್ಲ. ಹಾಗಿದ್ದ ಮೇಲೆ ಅವರಿಗೆ ಧೈರ್ಯ ಎಲ್ಲಿಂದ ಬರಬೇಕು?

ನಿಮಗೆ ಯಾವುದು ಕಷ್ಟ ಎಂದು ಆಮೇಲೆ ಕೇಳಿದೆ. ಮೇಡಂ ಜಿಯೋಜೀಬ್ರಾದ ಮಾತನ್ನೇ ಎತ್ತಲಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಪ್ರತಿ ಕಿರುಪರೀಕ್ಷೆಗೂ ಇದೇ ಗೋಳು ಎಂದರು. ಹಳೆಯ ನುಡಿ ಅಕ್ಷರಶೈಲಿ ಇಲ್ಲದ ಕಡೆ ಹಾಗಾಗುವುದು ಸಹಜ. ಇಬ್ಬರೂ ಕೂತು, ಬೇರೆ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ರೂಢಿ ಮಾಡಿದೆವು. ಎರಡು ಮಧ್ಯಾಹ್ನ ಹಿಡಿಯಿತು. ಪಾಠಕ್ಕೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಆದರೆ ಅವರು ನನ್ನನ್ನು ನಂಬಿದ್ದು ಅಲ್ಲಿಂದಲೇ.

ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠ ಬಂದಾಗ ಅವರೇ ಕರೆದರು. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಏನೇ ಆದರೂ ಮೌಸ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಮೊದಲು ಮಕ್ಕಳು ಕಾಗದದ ತ್ರಿಭುಜ ಕತ್ತರಿಸಿ ಕೋನಮಾಪಕದಿಂದ ಅಳೆದರು. ಒಬ್ಬರಿಗೆ 178, ಇನ್ನೊಬ್ಬರಿಗೆ 182. ಆಮೇಲೆ ಪರದೆಯ ಮೇಲೆ ಜಿಯೋಜೀಬ್ರಾ ತ್ರಿಭುಜ. ಮಕ್ಕಳಿಗೆ ಗೊಂದಲ ಬೇಡವೆಂದು ಆ ಕಡತದಲ್ಲಿ ದಶಮಾಂಶ ತೆಗೆದು, ಕೋನಗಳು ಪೂರ್ಣಸಂಖ್ಯೆಯಲ್ಲಿ ಮಾತ್ರ ಕಾಣುವಂತೆ ಇಟ್ಟವನು ನಾನೇ.

ಮೇಡಂ ಒಂದು ಶೃಂಗವನ್ನು ಎಳೆದು ನಿಲ್ಲಿಸಿದರು. 60, 59, 60. ಮುಂದಿನ ಸಾಲಿನ ಹುಡುಗಿ ಕೂಡಿ ನೋಡಿ ಎದ್ದು ನಿಂತಳು. "ಮಿಸ್, 179 ಬರ್ತಿದೆ."

ಮೇಡಂ ನನ್ನತ್ತ ನೋಡಿದರು. ನಾನು ಅರ್ಧ ಎದ್ದವನು ಮಾತು ನೆನಪಾಗಿ ಕೂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಮಕ್ಕಳ ಕಡೆ ತಿರುಗಿ, "ನೀವು ಅಳೆದಾಗ 178 ಬಂತಲ್ಲ, ಯಾಕೆ?" ಅಂದರು. "ಸಣ್ಣ ಗೆರೆ ಬಿಟ್ಟು ಓದಿದ್ವಿ ಮಿಸ್." "ಹಾಗಾದ್ರೆ ಕಂಪ್ಯೂಟರ್ ಏನು ಬಿಟ್ಟಿರಬಹುದು?" ಕಿಟಕಿ ಪಕ್ಕದ ಹುಡುಗನೊಬ್ಬ "ಪಾಯಿಂಟ್ ಆದ್ಮೇಲಿನದು" ಎಂದ. ಸೆಟ್ಟಿಂಗ್ ಎಲ್ಲಿದೆ ಎಂದಷ್ಟೇ ನಾನು ಕೂತಲ್ಲಿಂದ ಹೇಳಿದೆ. ಮೇಡಂ ತಾವೇ ಹುಡುಕಿ ಒಂದು ದಶಮಾಂಶ ಸ್ಥಾನಕ್ಕೆ ಬದಲಿಸಿದರು. 60.4, 59.3, 60.3.

ಅವರು ಅಲ್ಲಿಗೆ ಬಿಡಲಿಲ್ಲ. ಬೇರೆ ತ್ರಿಭುಜದಲ್ಲಿ ಇದೂ ಸ್ವಲ್ಪ ತಪ್ಪಬಹುದು, ಎಷ್ಟು ಸೂಕ್ಷ್ಮವಾಗಿ ಅಳೆದರೂ ಎಲ್ಲ ತ್ರಿಭುಜಗಳನ್ನೂ ಅಳೆದು ಮುಗಿಸಲಾಗುವುದಿಲ್ಲ, ಹಾಗಾದರೆ 180 ಎಂದು ಹೇಗೆ ಹೇಳುವುದು ಎಂದು ಕೇಳಿ, ಸೀಮೆಸುಣ್ಣ ಹಿಡಿದು ಕಪ್ಪುಹಲಗೆಗೆ ಬಂದರು. ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳನ್ನು ಗುರುತಿಸಿದರು. ಪ್ರಮೇಯದ ಸಾಧನೆಯನ್ನು ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವುದನ್ನು ನಾನು ಎಷ್ಟೋ ತರಗತಿಗಳಲ್ಲಿ ಕಂಡಿದ್ದೆ. ಈ ಮಕ್ಕಳಿಗೆ ಅದು ಬೇಕಾಗಿತ್ತು, ಮುಂದಕ್ಕೆ ಬಾಗಿ ನೋಡುತ್ತಿದ್ದರು. ನಾನು ಎದ್ದುಹೋಗಿ ಎರಡು ಕ್ಲಿಕ್‌ನಲ್ಲಿ ಅಂಕಿ ಸರಿಪಡಿಸಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗ ನನ್ನ ತರಬೇತಿ ಅರ್ಧ ದಿನದ್ದು, ಒಂದೇ ಪಾಠದ್ದು. ಒಂದು ಕಂಪ್ಯೂಟರ್‌ಗೆ ಇಬ್ಬರು ಶಿಕ್ಷಕರು, ಮೌಸ್ ಅವರ ಕೈಯಲ್ಲೇ. ಇಂಟರ್ನೆಟ್ ನೆಚ್ಚಿಕೊಳ್ಳುವುದಿಲ್ಲ. ಜಿಯೋಜೀಬ್ರಾ ಮೊದಲೇ ಇನ್‌ಸ್ಟಾಲ್ ಮಾಡಿರುತ್ತೇವೆ. ವಿಜ್ಞಾನಕ್ಕೆ ಫೆಟ್ (PhET) ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಹಲವು ಕನ್ನಡದಲ್ಲೂ ಸಿಗುತ್ತವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತವೆ. ತರಬೇತಿಗಿಂತ ಹೆಚ್ಚು ಹೊತ್ತು ನಾನು ಹಿಂದಿನ ಬೆಂಚಿನಲ್ಲಿ ಕಳೆಯುತ್ತೇನೆ. ವರದಿಯಲ್ಲಿ ತೋರಿಸಲು ಅದಕ್ಕೊಂದು ಕಲಮೂ ಇಲ್ಲ, ಇರಬೇಕಿತ್ತು.

ಮುಂದಿನ ಸಮಾಲೋಚನಾ ಸಭೆಯಲ್ಲಿ ಆ ಮೇಡಂ ಬೇರೆ ಶಾಲೆಗಳ ಗಣಿತ ಶಿಕ್ಷಕರಿಗೆ ಅದೇ ಪಾಠ ತೋರಿಸಿದರು. ಶೃಂಗ ಎಳೆದು ನಿಲ್ಲಿಸಿ, "ಕೂಡಿ ನೋಡಿ" ಎಂದರು. ದಶಮಾಂಶವನ್ನು ಅವರು ಬೇಕೆಂದೇ ಸೊನ್ನೆಗೆ ಇಟ್ಟಿದ್ದರು.