ಸ್ಕ್ರಿಪ್ಟ್ ಓದುತ್ತಿರುವುದು ಯಾವ ರಿಜಿಸ್ಟ್ರಿಯನ್ನು?

ವಿಂಡೋಸ್ ಯಂತ್ರಗಳ ನಿರ್ವಹಣೆಗಾಗಿ ಸ್ಕ್ರಿಪ್ಟ್ ಬರೆಯುವವರಿಗೆ ಒಂದಲ್ಲ ಒಂದು ದಿನ ಈ ತೊಡಕು ಎದುರಾಗಿಯೇ ತೀರುತ್ತದೆ. ವಿಂಡೋಸ್ ತನ್ನ ಮತ್ತು ಪ್ರೋಗ್ರಾಮುಗಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಅದರ ಎಡಿಟರ್‌ನಲ್ಲಿ ತೆರೆದು ನೋಡಿದರೆ ಬೇಕಾದ ಮೌಲ್ಯ ಕಣ್ಣೆದುರಿಗೇ ಇರುತ್ತದೆ. ಅದೇ ಪಾಥ್ ಕೊಟ್ಟು ಸ್ಕ್ರಿಪ್ಟ್‌ನಿಂದ ಕೇಳಿದರೆ ಅಂಥದ್ದೇನೂ ಇಲ್ಲವೆಂಬ ಉತ್ತರ ಬರುತ್ತದೆ. ಪಾಥ್‌ನಲ್ಲಿ ಅಕ್ಷರ ತಪ್ಪಿರುವುದಿಲ್ಲ, ಅಡ್ಮಿನಿಸ್ಟ್ರೇಟರ್ ಅನುಮತಿಯ ಕೊರತೆಯೂ ಇರುವುದಿಲ್ಲ. ಕೇಳುತ್ತಿರುವ ಪ್ರೊಸೆಸ್ 32-ಬಿಟ್‌ನದೋ 64-ಬಿಟ್‌ನದೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬುದೇ ಇದರ ಮೂಲ.

64-ಬಿಟ್ ವಿಂಡೋಸ್‌ನಲ್ಲಿ ಹಳೆಯ 32-ಬಿಟ್ ಪ್ರೋಗ್ರಾಮುಗಳನ್ನು ನಡೆಸುವ ವಾವ್64 ಎಂಬ ಪದರ, ಆ ಪ್ರೋಗ್ರಾಮುಗಳು ಎಚ್‌ಕೆಎಲ್‌ಎಂ (ಇಡೀ ಯಂತ್ರದ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಶಾಖೆ) ಕೆಳಗಿನ ಸಾಫ್ಟ್‌ವೇರ್ ಕೀಯನ್ನು, ಅಂದರೆ ಫೋಲ್ಡರಿನಂಥ ವಿಭಾಗವನ್ನು, ಕೇಳಿದಾಗ ಅವುಗಳಿಗೆ ತಿಳಿಯದಂತೆ ವಾವ್6432ನೋಡ್ ಎಂಬ ಉಪಕೀಯೊಳಗೆ ಕರೆದೊಯ್ಯುತ್ತದೆ. ಒಂದೇ ಸಾಫ್ಟ್‌ವೇರಿನ ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿದ್ದಾಗ ಒಂದರ ಸೆಟ್ಟಿಂಗ್ ಇನ್ನೊಂದನ್ನು ಕೆಡಿಸಬಾರದೆಂಬ ಉದ್ದೇಶದಿಂದ ಮಾಡಿದ ಈ ಏರ್ಪಾಡು ಸರಿಯಾದದ್ದೇ. ಆದರೆ ಯಂತ್ರದ ಸ್ಥಿತಿಯನ್ನು ಇದ್ದಂತೆ ವರದಿ ಮಾಡಬೇಕಾದ ಸ್ಕ್ರಿಪ್ಟ್‌ಗೆ ಈ ಮರೆಮಾಚಿದ ತಿರುವು ದಾರಿ ತಪ್ಪಿಸುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಕ್ರಿಪ್ಟೋಗ್ರಫಿ ಎಂಬ ಹಾದಿಯಲ್ಲಿರುವ ಮೆಷೀನ್‌ಗುಯಿಡ್ ಎಂಬ, ಯಂತ್ರದ ಗುರುತಿನ ಸಂಖ್ಯೆಯ ಮೌಲ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು ರೆಗ್‌ರೀಡ್ ಎಂಬ ಆಜ್ಞೆಯ ಮೂಲಕ ಓದುವ ಒಂದೇ ಸಾಲಿನ ವಿಬಿಸ್ಕ್ರಿಪ್ಟ್ ಬರೆದು, ಮೊದಲು ಸಿಸ್ಟಮ್32 ಫೋಲ್ಡರಿನಲ್ಲಿರುವ, ಸ್ಕ್ರಿಪ್ಟ್ ನಡೆಸುವ ಸಿಸ್ಕ್ರಿಪ್ಟ್ ಪ್ರೋಗ್ರಾಮಿನಿಂದಲೂ ಆಮೇಲೆ ಸಿಸ್‌ವಾವ್64 ಫೋಲ್ಡರಿನ ಸಿಸ್ಕ್ರಿಪ್ಟ್‌ನಿಂದಲೂ ನಡೆಸಿ ನೋಡಬಹುದು. ಮೊದಲನೆಯದು 64-ಬಿಟ್, ಆದ್ದರಿಂದ ಗುರುತಿನ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಎರಡನೆಯದು 32-ಬಿಟ್, ಅದಕ್ಕೆ ಕಾಣುವ ರಿಜಿಸ್ಟ್ರಿಯ ನೋಟದಲ್ಲಿ ಈ ಮೌಲ್ಯ ಇಲ್ಲವಾದ್ದರಿಂದ ಸ್ಕ್ರಿಪ್ಟ್ ದೋಷ ತೋರಿಸಿ ನಿಲ್ಲುತ್ತದೆ. ಹೀಗೆ ನಿಂತರೆ ಒಳ್ಳೆಯದೇ. ಮೇಲ್ಗಡೆ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂದು ಬರೆದುಬಿಟ್ಟಿದ್ದರೆ ದೋಷ ನುಂಗಿಹೋಗಿ, ವರದಿಯ ಆ ಅಂಕಣ ಖಾಲಿಯಾಗಿ ಉಳಿಯುತ್ತದೆ, ಮತ್ತು ನೂರಾರು ಯಂತ್ರಗಳ ಪಟ್ಟಿಯಲ್ಲಿ ಒಂದು ಖಾಲಿ ಅಂಕಣ ಯಾರ ಗಮನಕ್ಕೂ ಬರುವುದಿಲ್ಲ.

ಸ್ಕ್ರಿಪ್ಟ್ ಬರೆದವರು ತಾವು 64-ಬಿಟ್ ಸಿಸ್ಕ್ರಿಪ್ಟ್‌ನ್ನೇ ಕರೆಯುತ್ತಿದ್ದೇವೆಂದು ನಂಬಿರುವಾಗಲೂ ಇದು ಆಗಬಹುದು. ಸ್ಕ್ರಿಪ್ಟ್‌ನ್ನು ಹೊರಡಿಸುವ ಏಜೆಂಟ್ 32-ಬಿಟ್‌ನದಾಗಿದ್ದರೆ, ಅದು ಸಿಸ್ಟಮ್32 ಎಂದು ಕೇಳಿದ್ದನ್ನೂ ವಿಂಡೋಸ್ ಸಿಸ್‌ವಾವ್64ಕ್ಕೆ ತಿರುಗಿಸುತ್ತದೆ. ಅಂಥ ಏಜೆಂಟಿನಿಂದ ನಿಜವಾದ 64-ಬಿಟ್ ಸಿಸ್ಕ್ರಿಪ್ಟ್ ತಲುಪಬೇಕಾದರೆ ವಿಂಡೋಸ್ ಫೋಲ್ಡರಿನ ಕೆಳಗೆ ಸಿಸ್‌ನೇಟಿವ್ ಎಂಬ ಹೆಸರನ್ನು ಬಳಸಬೇಕು. ಅದು 32-ಬಿಟ್ ಪ್ರೊಸೆಸ್‌ಗಳಿಗೆ ಮಾತ್ರ ಕಾಣುವ ಅಡ್ಡಹೆಸರಾದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪಾಥ್‌ನೊಳಗೆ ವಾವ್6432ನೋಡ್ ಎಂದು ನೇರವಾಗಿ ಬರೆದುಬಿಡುವುದು ಬಹಳ ಜನ ಹಿಡಿಯುವ ಹಾದಿ. ನಾನು ಅದನ್ನು ಒಪ್ಪುವುದಿಲ್ಲ. 32-ಬಿಟ್ ವಿಂಡೋಸ್‌ನಲ್ಲಿ ಆ ಕೀ ಇರುವುದೇ ಇಲ್ಲ. 32-ಬಿಟ್ ಪ್ರೊಸೆಸ್‌ನಲ್ಲಿ ಕುಳಿತು 64-ಬಿಟ್ ನೋಟವನ್ನು ಓದಬೇಕಾದಾಗ ಅದರಿಂದ ಯಾವ ಉಪಯೋಗವೂ ಇಲ್ಲ. ನೋಟವನ್ನು ಹೆಸರಿಸಿ ಕೇಳುವ ಸೌಕರ್ಯವನ್ನು ವಿಂಡೋಸೇ ಕೊಟ್ಟಿರುವಾಗ ಅದನ್ನು ಬಳಸುವುದೇ ಸರಿ. ಕೀ ತೆರೆಯುವಾಗ ಕೊಡುವ ಅನುಮತಿಯ ಸಂಖ್ಯೆಗೆ 256 ಸೇರಿಸಿದರೆ 64-ಬಿಟ್ ನೋಟ, 512 ಸೇರಿಸಿದರೆ 32-ಬಿಟ್ ನೋಟ ಸಿಗುತ್ತದೆ. ಪೈಥಾನ್‌ನ ವಿನ್‌ರೆಗ್ ಮಾಡ್ಯೂಲ್ ಇವೇ ಎರಡನ್ನು ಹೆಸರಿಟ್ಟ ಸ್ಥಿರಾಂಕಗಳಾಗಿ ಒದಗಿಸುತ್ತದೆ. ಕಮಾಂಡ್ ಸಾಲಿನ ರೆಗ್ ಆಜ್ಞೆಯ ಕೊನೆಯಲ್ಲಿ, ಓರೆಗೆರೆ ಹಾಕಿ ರೆಗ್ ಎಂದು ಬರೆದು, ಕೋಲನ್ ಆದಮೇಲೆ 64 ಅಥವಾ 32 ಎಂದು ಕೊಟ್ಟರೆ ಸಾಕು.

ಪವರ್‌ಶೆಲ್‌ನಲ್ಲಿ ಗೆಟ್-ಐಟಮ್‌ಪ್ರಾಪರ್ಟಿ ಅತ್ಯಂತ ಅನುಕೂಲದ ಆಜ್ಞೆಯಾದರೂ ನೋಟವನ್ನು ಆರಿಸುವ ಅವಕಾಶ ಅದರಲ್ಲಿಲ್ಲ. ತನ್ನ ಪ್ರೊಸೆಸ್‌ಗೆ ಕಂಡದ್ದನ್ನಷ್ಟೇ ಅದು ಹೇಳುತ್ತದೆ. ಅದರ ಬದಲು ಡಾಟ್‌ನೆಟ್ 4ರಲ್ಲಿ ಬಂದ ಓಪನ್‌ಬೇಸ್‌ಕೀ ವಿಧಾನವನ್ನು ಕರೆದು, ರಿಜಿಸ್ಟ್ರಿ64 ಅಥವಾ ರಿಜಿಸ್ಟ್ರಿ32 ಎಂಬ ನೋಟವನ್ನು ಸ್ಪಷ್ಟವಾಗಿ ಕೊಡುವುದು ನನ್ನ ರೂಢಿ. 32-ಬಿಟ್ ವಿಂಡೋಸ್‌ನಲ್ಲಿ ರಿಜಿಸ್ಟ್ರಿ64 ಎಂದು ಕೇಳಿದರೂ ಅದು ಇರುವ ಒಂದೇ ನೋಟವನ್ನು ಕೊಡುವುದರಿಂದ ಒಂದೇ ಸ್ಕ್ರಿಪ್ಟ್ ಎಲ್ಲ ಯಂತ್ರಗಳಲ್ಲೂ ನಡೆಯುತ್ತದೆ.

ಹಳೆಯ ವಿಬಿಸ್ಕ್ರಿಪ್ಟ್‌ಗಳನ್ನು ಇನ್ನೂ ಉಳಿಸಿಕೊಳ್ಳಬೇಕಾದವರಿಗೆ ವಿಂಡೋಸ್‌ನ ನಿರ್ವಹಣಾ ವ್ಯವಸ್ಥೆಯಾದ ಡಬ್ಲ್ಯೂಎಂಐನಲ್ಲಿ ರಿಜಿಸ್ಟ್ರಿ ಓದಿಕೊಡುವ ಎಸ್‌ಟಿಡಿರೆಗ್‌ಪ್ರೊವ್ ಇದೆ. ಅಲ್ಲಿ ಪ್ರೊವೈಡರ್ ಆರ್ಕಿಟೆಕ್ಚರ್ ಎಂಬ ಮೌಲ್ಯಕ್ಕೆ 64 ಅಥವಾ 32 ಎಂದೂ, ರಿಕ್ವೈರ್ಡ್ ಆರ್ಕಿಟೆಕ್ಚರ್ ಎಂಬುದಕ್ಕೆ ಟ್ರೂ ಎಂದೂ ಹೊಂದಿಸಿದ ಕಾಂಟೆಕ್ಸ್ಟ್ ಆಬ್ಜೆಕ್ಟನ್ನು ಸಿದ್ಧಪಡಿಸಿಕೊಳ್ಳಬೇಕು. ಇಲ್ಲಿ ಸುಲಭವಾಗಿ ಕೈತಪ್ಪುವ ಅಂಶವೊಂದಿದೆ: ಆ ಕಾಂಟೆಕ್ಸ್ಟ್‌ನ್ನು ಕನೆಕ್ಟ್‌ಸರ್ವರ್‌ಗೆ ಕೊಟ್ಟರಷ್ಟೇ ಸಾಲದು, ಮೌಲ್ಯ ಓದುವ ಕರೆಗೂ ಕೊಡಬೇಕು. ಗೆಟ್‌ಸ್ಟ್ರಿಂಗ್‌ವ್ಯಾಲ್ಯೂ ಎಂಬುದನ್ನು ನೇರವಾಗಿ ಕರೆದರೆ ಕಾಂಟೆಕ್ಸ್ಟ್ ಕೊಡುವ ಜಾಗವೇ ಇರುವುದಿಲ್ಲವಾದ್ದರಿಂದ, ಎಕ್ಸೆಕ್‌ಮೆಥಡ್ ಮೂಲಕ ಒಳಗಿನ ಪ್ಯಾರಾಮೀಟರುಗಳನ್ನು ಒಂದೊಂದಾಗಿ ತುಂಬಿ, ಎಚ್‌ಕೆಎಲ್‌ಎಂಗೆ 2147483650 ಎಂಬ ಸಂಖ್ಯೆ ಕೊಟ್ಟು ಕರೆಯಬೇಕಾಗುತ್ತದೆ. ಸಾಲುಗಳು ಹೆಚ್ಚಾಗುತ್ತವೆ, ಆದರೆ ಉತ್ತರವನ್ನು ನಂಬಬಹುದು. ವಿಬಿಸ್ಕ್ರಿಪ್ಟ್‌ನ್ನು ಹಂತಹಂತವಾಗಿ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ತಿಳಿಸಿರುವುದರಿಂದ, ಹೊಸದಾಗಿ ಬರೆಯುವವರು ಪವರ್‌ಶೆಲ್ ಹಿಡಿಯುವುದೇ ಮೇಲು.

ಯಂತ್ರದಲ್ಲಿ ಸ್ಥಾಪಿತವಾದ ಸಾಫ್ಟ್‌ವೇರುಗಳ ಪಟ್ಟಿ ಮಾಡುವಾಗ ಈ ವಿಷಯದ ಪೂರ್ಣ ತೂಕ ತಿಳಿಯುತ್ತದೆ. ಸ್ಥಾಪಿತ ಸಾಫ್ಟ್‌ವೇರುಗಳು ದಾಖಲಾಗುವ ಅನ್‌ಇನ್‌ಸ್ಟಾಲ್ ಕೀಯನ್ನು ಎಚ್‌ಕೆಎಲ್‌ಎಂ ಕೆಳಗೆ ಎರಡೂ ನೋಟಗಳಲ್ಲಿ ಓದಿದರೆ ಮಾತ್ರ ಪಟ್ಟಿ ಪೂರ್ತಿಯಾಗುತ್ತದೆ. ಈಗಿನ ಬಳಕೆದಾರರ ಸೆಟ್ಟಿಂಗ್‌ಗಳಿರುವ ಎಚ್‌ಕೆಸಿಯು ಶಾಖೆಯ ಕೆಳಗೂ ಅದೇ ಕೀ ಇದೆ, ಆದರೆ ಅದು ಎರಡೂ ನೋಟಗಳಿಗೆ ಸಮಾನವಾದ್ದರಿಂದ ಎರಡು ಬಾರಿ ಓದಿದರೆ ಪ್ರತಿ ಹೆಸರೂ ಎರಡೆರಡು ಸಲ ಬರುತ್ತದೆ. ಹೀಗೆ ಎಲ್ಲ ಕೀಗಳೂ ಇಬ್ಭಾಗವಾಗಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು: ಸಿಸ್ಟಮ್ ಶಾಖೆ ಇಡಿಯಾಗಿ ಒಂದೇ, ವಿಂಡೋಸ್ 7ರಿಂದೀಚೆಗೆ ಪಾಲಿಸೀಸ್ ಕೀಯೂ ಒಂದೇ, ಫಾಂಟ್‌ಗಳ ಕೀಯೂ ಒಂದೇ. ಇದೆಲ್ಲ ರಗಳೆಯೆಂದು ವಿನ್32_ಪ್ರಾಡಕ್ಟ್ ಕ್ಲಾಸಿನ ಮೊರೆ ಹೋಗುವವರಿದ್ದಾರೆ; ಅದು ಎಂಎಸ್‌ಐ (ವಿಂಡೋಸ್ ಇನ್‌ಸ್ಟಾಲರ್) ಮೂಲಕ ಬಂದವನ್ನು ಮಾತ್ರ ತೋರಿಸುವುದಲ್ಲದೆ, ಕೇಳಿದಾಗಲೆಲ್ಲ ಪ್ರತಿ ಪ್ಯಾಕೇಜಿನ ಸುಸ್ಥಿತಿಯನ್ನು ಪರೀಕ್ಷಿಸಲು ತೊಡಗುತ್ತದೆ, ಕೆಲವೊಮ್ಮೆ ದುರಸ್ತಿಗೂ ಇಳಿಯುತ್ತದೆ. ಓದುವುದಕ್ಕಷ್ಟೇ ಬಂದ ಸ್ಕ್ರಿಪ್ಟ್ ಹಾಗೆ ಮಾಡಬಾರದು.

ಆರ್ಮ್64 ಪ್ರೊಸೆಸರಿನ ವಿಂಡೋಸ್ 11 ಯಂತ್ರಗಳು ಬಂದಮೇಲೆ ಇನ್ನೊಂದು ಎಚ್ಚರ ಬೇಕಾಗಿದೆ. ಅಲ್ಲಿ ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆಂದು ಬರೆದ ಎಕ್ಸ್64 ಪ್ರೋಗ್ರಾಮುಗಳು ಎಮ್ಯುಲೇಷನ್ (ಅನುಕರಣೆ) ಮೂಲಕ ನಡೆದರೂ ಅವುಗಳಿಗೆಂದು ಪ್ರತ್ಯೇಕ ರಿಜಿಸ್ಟ್ರಿ ನೋಟವಿಲ್ಲ. ಆರ್ಮ್64 ಪ್ರೋಗ್ರಾಮುಗಳು ಕಾಣುವ 64-ಬಿಟ್ ನೋಟವನ್ನೇ ಅವೂ ಕಾಣುತ್ತವೆ. ಹಾಗಾಗಿ ನೋಟವನ್ನು ಹೆಸರಿಸಿ ಓದುವ ಸ್ಕ್ರಿಪ್ಟ್ ಅಲ್ಲಿಯೂ ಬದಲಾವಣೆಯಿಲ್ಲದೆ ನಡೆಯುತ್ತದೆ. ತೊಂದರೆ ಬರುವುದು ಪ್ರೊಸೆಸರ್ ಯಾವುದೆಂದು ಪ್ರೊಸೆಸರ್_ಆರ್ಕಿಟೆಕ್ಚರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತಿಳಿಯಲು ಹೊರಟಾಗ. ಎಮ್ಯುಲೇಷನ್‌ನಲ್ಲಿರುವ ಎಕ್ಸ್64 ಪ್ರೊಸೆಸ್‌ಗೆ ಅದು ಎಎಂಡಿ64 ಎಂದೇ ಹೇಳುತ್ತದೆ, ಏಕೆಂದರೆ ಅದು ವಿವರಿಸುವುದು ಪ್ರೊಸೆಸ್‌ನ್ನು, ಯಂತ್ರವನ್ನಲ್ಲ. ಯಂತ್ರದ ಉತ್ತರ ಬೇಕಾದರೆ ಸಿಸ್ಟಮ್ ಶಾಖೆಯ ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಸೆಷನ್ ಮ್ಯಾನೇಜರ್, ಎನ್ವಿರಾನ್‌ಮೆಂಟ್ ಹಾದಿಯಲ್ಲಿ ಅದೇ ಹೆಸರಿನ ಮೌಲ್ಯವನ್ನು ಓದಬೇಕು. ಆ ಶಾಖೆ ಇಬ್ಭಾಗವಾಗಿಲ್ಲದ ಕಾರಣ ಯಾವ ಪ್ರೊಸೆಸ್‌ನಿಂದ ಕೇಳಿದರೂ ಆರ್ಮ್64 ಎಂಬ ಒಂದೇ ಉತ್ತರ ಬರುತ್ತದೆ, ಮತ್ತು ನನ್ನ ವರದಿಗಳಲ್ಲಿ ಆ ಉತ್ತರದ ಪಕ್ಕದಲ್ಲಿ ಪ್ರೊಸೆಸ್ ಯಾವುದೆಂಬುದನ್ನೂ, ಓದಿದ ನೋಟ ಯಾವುದೆಂಬುದನ್ನೂ ಎರಡು ಪ್ರತ್ಯೇಕ ಅಂಕಣಗಳಲ್ಲಿ ದಾಖಲಿಸುತ್ತೇನೆ.