ಹುಳಿಯನ್ನೇ ಯಾರೂ ಕೇಳಲ್ಲ

ಕಳೆದ ವಾರ, ಜರ್ಮನಿಯ ಆಖೆನ್‌ನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಸರದಿಗೆ ಕಾಯುತ್ತಿದ್ದಾಗ, ಕೆಳಮನೆಯಾಕೆ ಒಂದು ಡಬ್ಬಿ ತೋರಿಸಿದರು. ತೂಕ ಇಳಿಸುವ ಮಾತ್ರೆ. ಮೇಲೆ ಅಚ್ಚಾಗಿದ್ದದ್ದು ನಮ್ಮ ಮಲೆನಾಡಿನ ಹುಳಿಹಣ್ಣು ಉಪ್ಪಾಗೆ! ಹೆಸರು ಮಾತ್ರ ಗಾರ್ಸಿನಿಯಾ ಕ್ಯಾಂಬೋಜಿಯಾ. "ನಿಮ್ಮ ಇಂಡಿಯಾದ್ದಂತೆ, ಹೌದಾ?" ಅಂದರು. ಅವರ ಮಗಳು ಇಣುಕಿ ನೋಡಿ, ಪುಟ್ಟ ಕುಂಬಳಕಾಯಿ ಅಂದಳು.

ಹಣ್ಣು ನಮ್ಮದೇ, ಮಾತ್ರೆ ಬೇಡ ಎಂದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಪ್ರಯೋಗ ನಡೆದಿತ್ತು. ಬರೀ ಹುಸಿಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕವೇನೂ ಹೆಚ್ಚು ಇಳಿಯಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಉದಾಹರಣೆಗಳೂ ಇವೆ. ಅವರು ಡಬ್ಬಿ ಒಳಗಿಟ್ಟರು. ಹುಡುಗಿ ಮಾತ್ರ ಬಿಡಲಿಲ್ಲ. ನನ್ನ ಕೆಲಸ ಹಣ್ಣಿನಂಥವುಗಳ ಹುಳಿಯನ್ನು ನೀರಿನಿಂದ ಬೇರೆ ಮಾಡುವುದು ಎಂದಾಗ, ಹೇಗೆ ಎಂದು ಹಟ ಹಿಡಿದಳು. ಲ್ಯಾಬಿನ ವಿಡಿಯೊ ತೋರಿಸಿದೆ: ಗಾಜಿನ ಆಲಿಕೆಯಲ್ಲಿ ಕೆಳಗೆ ನೀರು, ಮೇಲೆ ಸೀಮೆಎಣ್ಣೆಯಂಥ ದ್ರಾವಕ.

"ಹುಳಿ ಯಾರ ಜೊತೆ ಇರಬೇಕು ಅಂತ ಯಾರು ಹೇಳೋದು?"

ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ಯಾವ ಸೆಮಿನಾರಿನಲ್ಲೂ ಯಾರೂ ಕೇಳಿರಲಿಲ್ಲ. ಉಪ್ಪಾಗೆಯ ಹುಳಿಯಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಅಣುವೊಂದರಲ್ಲಿ ನೀರನ್ನು ಸೆಳೆಯುವ ಮೂರು ಕಾರ್ಬಾಕ್ಸಿಲ್, ಎರಡು ಹೈಡ್ರಾಕ್ಸಿಲ್ ಗುಂಪುಗಳು. ಎಲ್ಲ ಕಡೆಯಿಂದಲೂ ನೀರು ಹೈಡ್ರೋಜನ್ ಬಂಧ ಹಾಕಿ ಹಿಡಿದಿರುತ್ತದೆ. ಸೀಮೆಎಣ್ಣೆ ಸುರಿದು ಎಷ್ಟು ಕುಲುಕಿದರೂ ಇಂಥ ಆಮ್ಲ ಜಗ್ಗುವುದಿಲ್ಲ. ಹಾಗಾಗಿ ಸೀಮೆಎಣ್ಣೆಗೆ ಟ್ರೈಆಕ್ಟೈಲ್‌ಅಮೀನ್ ಎಂಬ, ಆಮ್ಲವನ್ನು ಹಿಡಿಯುವ ಪ್ರತ್ಯಾಮ್ಲ ಬೆರೆಸುತ್ತೇವೆ. ಅದರ ನೈಟ್ರೋಜನ್ ಆಮ್ಲದಿಂದ ಪ್ರೋಟಾನ್ ಪಡೆಯುತ್ತದೆ. ಧನ ವಿದ್ಯುದಂಶದ ಅಮೀನ್, ಋಣ ವಿದ್ಯುದಂಶದ ಆಮ್ಲ ಎರಡೂ ಜೋಡಿಯಾಗಿ ಮೇಲಿನ ದ್ರಾವಕಕ್ಕೆ ದಾಟುತ್ತವೆ. ಆದರೆ ಆ ಜೋಡಿಗೆ ಸೀಮೆಎಣ್ಣೆಯಲ್ಲೂ ನೆಲೆಯಿಲ್ಲ, ಎಷ್ಟೋ ಸಲ ನಡುವೆ ಮೂರನೆಯ ಪದರವಾಗಿ ಕೂತುಬಿಡುತ್ತದೆ. ಒಂದಿಷ್ಟು ಆಕ್ಟನಾಲ್ ಎಂಬ ಆಲ್ಕೋಹಾಲ್ ಹಾಕಿದರೆ ಅದು ಹೈಡ್ರೋಜನ್ ಬಂಧ ಕೊಟ್ಟು ಜೋಡಿಯನ್ನು ಕರಗಿಸಿಕೊಳ್ಳುತ್ತದೆ. ನೀರಿನ ಪಿಎಚ್ ಏರಿ, ಅಂದರೆ ಹುಳಿತನ ಇಳಿದು, ಆಮ್ಲ ಮೊದಲೇ ಪ್ರೋಟಾನ್ ಕಳೆದುಕೊಂಡಿದ್ದರೆ ಇದೆಲ್ಲ ನಡೆಯದು.

ನನಗೆ ಬಹಳ ಇಷ್ಟವಾಗುವುದು ಮರುಪ್ರಯಾಣ. ತಣ್ಣಗಿದ್ದಾಗ ದ್ರಾವಕಕ್ಕೆ ಹೋದ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿ, ಬಿಸಿನೀರು ಕೊಟ್ಟರೆ ನೀರಿಗೆ ಮರಳುತ್ತದೆ. ಈ ಹುಳಿಯನ್ನು ಬೇರ್ಪಡಿಸುವ ಬಗ್ಗೆ ಬನಿಯೆಲ್ ಮತ್ತು ಸಂಗಡಿಗರು ಪಡೆದ 1981ರ ಪೇಟೆಂಟ್ ನಿಂತಿರುವುದು ಈ ಗುಣದ ಮೇಲೆ. ಸುಣ್ಣ, ಗಂಧಕಾಮ್ಲ ಹಾಕುವ ಹಳೆಯ ದಾರಿಯಲ್ಲಿ ಜಿಪ್ಸಮ್ಮಿನ ರಾಶಿ ಉಳಿಯುತ್ತದೆ, ಇಲ್ಲಿ ಅದಿಲ್ಲ.

ಹುಡುಗಿಗೆ ಇಷ್ಟೇ ಹೇಳಿದೆ: ಒಬ್ಬರೇ ಹೇಳುವುದಿಲ್ಲ, ನೀರು, ಅಮೀನ್, ಆಕ್ಟನಾಲ್, ಬಿಸಿ ಎಲ್ಲ ಸೇರಿ ತೀರ್ಮಾನಿಸುತ್ತವೆ.

"ಹಾಗಾದ್ರೆ ಹುಳಿಯನ್ನೇ ಯಾರೂ ಕೇಳಲ್ಲ!"

ಒಣಗಿದ ಬಟ್ಟೆ ಮಡಚುವಾಗಲೂ ಆ ಮಾತು ಬಿಡಲಿಲ್ಲ. ನನ್ನೂರು ಸಿದ್ದಾಪುರದ ಕಡೆ. ಜೂನ್, ಜುಲೈನ ಮಳೆಯಲ್ಲಿ, ಪಾಚಿ ಕಟ್ಟಿದ ಮರ ಹತ್ತಿ ಉಪ್ಪಾಗೆ ಉದುರಿಸುವವರನ್ನು ನೋಡುತ್ತಾ ಬೆಳೆದವಳು ನಾನು. ಬಿಸಿಲೆಲ್ಲಿಯದು ಆಗ? ಸಿಪ್ಪೆಯನ್ನು ಹೊಗೆಯಟ್ಟದ ಮೇಲೆ ಹರವಿ, ಹಗಲೂ ರಾತ್ರಿ ಒಲೆ ಉರಿಸಿ, ಕಪ್ಪಾಗುವ ತನಕ ಕಾಯಬೇಕು. ಉರಿಯುವುದು ಅದೇ ಕಾಡಿನ ಸೌದೆ. ಅಮ್ಮ ಬೀಜದಿಂದ ತುಪ್ಪ ತೆಗೆಯುತ್ತಿದ್ದಳು. ಆ ತುಪ್ಪ ಸವರಿದ ದೋಸೆಯ ರುಚಿ ನನಗೆ ಇಲ್ಲಿ ಯಾವ ಬೆಣ್ಣೆಯಲ್ಲೂ ಸಿಕ್ಕಿಲ್ಲ. ಇದೇ ಹಣ್ಣಿನ ರಸ ಬತ್ತಿಸಿ ಕೊಡಗಿನವರು ಕಾಚಂಪುಳಿ ಎಂಬ ಕಪ್ಪು ಹುಳಿರಸ ಮಾಡುತ್ತಾರೆ.

ಈ ಹಣ್ಣಿನ ಹುಳಿ ಹುಣಸೆಯಲ್ಲಿರುವ ಟಾರ್ಟಾರಿಕ್ ಅಲ್ಲ, ಸಿಟ್ರಿಕ್ಕೂ ಅಲ್ಲ, ಬೇರೆಯೇ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಲ್ಯಾಬಿನಲ್ಲಿ ಇದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಆದರೆ ಮೈಸೂರಿನ ಆ ಅರಿವು ಘಟ್ಟದ ಹೊಗೆಯಟ್ಟದ ತನಕ ಬಂದದ್ದನ್ನು ನಾನು ನೋಡಲಿಲ್ಲ. ಕಾಯಿಸಿ ಬತ್ತಿಸಿದಾಗ ಈ ಆಮ್ಲದ ಒಂದು ಪಾಲು ಮಡಚಿಕೊಂಡು ಲ್ಯಾಕ್ಟೋನ್ ಎಂಬ ಉಂಗುರದಂಥ ಅಣು ಆಗುತ್ತದೆ. ರಾತ್ರಿಯಿಡೀ ಒಲೆ ಕಾಯುತ್ತಿದ್ದ ನಮ್ಮೂರ ಹೆಂಗಸರಿಗೆ ಅದನ್ನು ಯಾರೂ ಹೇಳಿರಲಿಲ್ಲ. ದರವನ್ನು ವ್ಯಾಪಾರಿ ಬಂದು ಹೇಳುತ್ತಿದ್ದ, ಸಿಪ್ಪೆಯ ಬಣ್ಣ ನೋಡಿ, ಕೈಯಲ್ಲಿ ಹಿಚುಕಿ. ಮರ ಹತ್ತಿದವರನ್ನು ಯಾರೂ ಕೇಳುತ್ತಿರಲಿಲ್ಲ.

ಭಾನುವಾರ ಅಣ್ಣನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆ. ಅಮೀನ್, ಆಕ್ಟನಾಲ್ ನಮ್ಮೂರಿಗೆ ಬೇಕಿಲ್ಲ. ಸಿಪ್ಪೆಯಲ್ಲಿ ಒಟ್ಟು ಹುಳಿ ಎಷ್ಟಿದೆ ಎಂದು ಅಳೆಯಲು ಪಿಯು ಕಾಲೇಜಿನ ಒಂದು ಬ್ಯುರೆಟ್ (ಅಳತೆಯ ಗಾಜಿನ ಕೊಳವೆ), ಒಂದಿಷ್ಟು ಕಾಸ್ಟಿಕ್ ಸೋಡಾ, ಹುಳಿ ಮುಗಿದಾಗ ಬಣ್ಣ ತೋರಿಸುವ ಫಿನಾಫ್ತಲೀನ್ ನಾಲ್ಕು ಹನಿ ಸಾಕು. ಆ ಅಂಕಿ ಕೈಯಲ್ಲಿದ್ದರೆ ವ್ಯಾಪಾರಿಯ ಮುಂದೆ ಮಾತಾಡಬಹುದು. ಈ ಮಳೆಗಾಲಕ್ಕೆ ಮೊದಲೇ ಸೊಸೈಟಿಯ ಸಭೆಯಲ್ಲಿ ಇದನ್ನು ಎತ್ತು, ಹೇಗೆ ಮಾಡಬೇಕೆಂದು ನಾನೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ ಅಂದಿದ್ದೇನೆ. ಆಗಲಿ ಅಂದಿದ್ದಾನೆ.